ಚೌಕಟ್ಟಿನ ನೀಲಿ

ಬಣ್ಣದಂಗಡಿಯಲ್ಲಿ ಕೆಲಸಕ್ಕಿದ್ದ ಸೊಸೆಯ ಸ್ವಂತ ಮನೆಗೆ, ಅವಳು ಮದುವೆಯಾಗಿ ಬಂದಂದಿನಿಂದ ಒಮ್ಮೆಯೂ ಬಣ್ಣ ಬಿದ್ದಿರಲಿಲ್ಲ.

ಅಂಗಡಿಯ ಕೌಂಟರಿನ ಹಿಂದೆ ನಿಂತು ಅವಳು ದಿನವಿಡೀ ಬೇರೆಯವರ ಮನೆಗಳಿಗೆ ಬಣ್ಣ ಆರಿಸಿಕೊಡುತ್ತಿದ್ದಳು. ಬಂದವರನ್ನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಮನೇಲಿ ಚಿಕ್ಕವರು, ವಯಸ್ಸಾದವರು ಯಾರ್ಯಾರಿದಾರೆ? ಮಕ್ಕಳಿದ್ರೆ ಮ್ಯಾಟ್ ಬೇಡಿ. ಹೊಳಪಿಲ್ಲ, ನೋಡೋಕೆ ಚೆಂದ, ಆದ್ರೆ ಕೈ ತಾಗಿದ್ರೆ ಕಲೆ ಕೂತುಬಿಡುತ್ತೆ. ಒರೆಸಿದ್ರೆ ಇನ್ನೂ ಕೆಡುತ್ತೆ. ಸ್ವಲ್ಪ ಹೊಳಪಿರೋ ಸ್ಯಾಟಿನ್ ತಗೊಳ್ಳಿ. ಅಡುಗೆಮನೆಗೂ ಅದೇ ಒಳ್ಳೇದು, ಒದ್ದೆ ಬಟ್ಟೇಲಿ ಒರೆಸ್ಕೋಬಹುದು."

ಒಂದು ಮಧ್ಯಾಹ್ನ ಅಂಗಡಿಯ ಯಜಮಾನ ಗೋದಾಮಿನಿಂದ ಬಂದು ತಲೆಯ ಮೇಲೆ ಕೈಯಿಟ್ಟು ಕುಳಿತ. ಯಾವುದೋ ಹೋಟೆಲಿನವರು ಬೆಣ್ಣೆ ಬಣ್ಣ ಬೇಕೆಂದು ಬೆರೆಸಲು ಹೇಳಿ, ಆಮೇಲೆ ಬೇಡವೆಂದಿದ್ದರು. ಗೋಡೆಗೆ ಮ್ಯಾಟ್, ಮರಕ್ಕೆ ಅದೇ ಬಣ್ಣದ ಎನಾಮಲ್. ಡಬ್ಬಿಗಳ ಸಾಲೇ ನಿಂತಿತ್ತು.

"ಈ ಶೇಡ್ ಇನ್ಯಾರಿಗೆ ಮಾರ್ಲಿ? ಎತ್ಕೊಂಡು ಹೋಗಮ್ಮ, ನಿನ್ನ ಮನೆಗಾದ್ರೂ ಬಳ್ಕೋ. ಬಂದವರಿಗೆಲ್ಲ ಬುದ್ಧಿ ಹೇಳಿ ಹೇಳಿ ನಿನ್ನ ಗಂಟಲು ಒಣಗಿಹೋಗಿದೆ."

ಅವತ್ತು ಸಂಜೆ ಊಟಕ್ಕೆ ಕುಳಿತಾಗ ಅವಳು ವಿಷಯ ತೆಗೆದಳು. ಊಟಕ್ಕೆ ಅನ್ನ, ಬೇಳೆ ಸಾರು, ಕುಂಬಳಕಾಯಿ ಪಲ್ಯ. ಅಡುಗೆ ಮಾಡಿದ್ದವಳು ಅಜ್ಜಿ. ಆ ಮನೆಯಲ್ಲಿ ಒಲೆಯ ಮುಂದೆ ನಿಲ್ಲುತ್ತಿದ್ದವಳು ಅವಳೊಬ್ಬಳೇ. ಲಿಫ್ಟ್ ರಿಪೇರಿಯ ಕೆಲಸ ಮುಗಿಸಿ ಬಂದ ಮಗ, ಎಷ್ಟು ತೊಳೆದರೂ ಗ್ರೀಸಿನ ವಾಸನೆ ಬಿಡದ ಕೈಯಲ್ಲಿ ಅನ್ನ ಕಲೆಸುತ್ತಿದ್ದ. ಎಂಟನೇ ತರಗತಿಯ ಮೊಮ್ಮಗಳು ಕಾಲು ಮಡಚಿ ಕುಳಿತಿದ್ದಳು. ಅವಳ ನಾಲಿಗೆಯ ಚುರುಕಿಗೆ ಅಜ್ಜಿಯೇ ಮೆಣಸು ಎಂದು ಹೆಸರಿಟ್ಟಿದ್ದಳು.

"ಬಳ್ಕೊಳಿ, ಯಾರು ಬೇಡ ಅಂದ್ರು?" ಎಂದಳು ಅಜ್ಜಿ. "ಗೋಡೆಗೆ ಏನು ಬೇಕಾದ್ರೂ ಬಳ್ಕೊಳಿ. ಬಾಗಿಲು, ಚೌಕಟ್ಟು ಮಾತ್ರ ಮುಟ್ಟಬೇಡಿ. ಮುಟ್ಟಿದ್ರೆ ಅದೇ ನೀಲಿ ಆಯಿಲ್ ಪೇಂಟು ಬಳೀಬೇಕು."

"ಅತ್ತೆ, ಆ ನೀಲಿ ಈಗ ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೂ ಬಳಿಯಲ್ಲ."

"ಓಹೋ, ಹಾಗಾದ್ರೆ ಇಷ್ಟು ವರ್ಷ ನಾವು ಶೌಚಾಲಯದಲ್ಲಿ ಕೂತು ಊಟ ಮಾಡಿದ್ವಿ ಅನ್ನು."

ಮೆಣಸಿಗೆ ನಗು ಬಂದು ಅನ್ನ ನೆತ್ತಿಗೇರಿತು. ಮಗ ಅವಳ ತಲೆಯ ಮೇಲೆ ಎರಡು ತಟ್ಟಿದ.

"ನಾನು ಹೇಳೋದು ಕೇಳಿ ಅತ್ತೆ. ನಮ್ಮ ಗೋಡೆ ಉಬ್ಬು ತಗ್ಗು. ಹೊಳೆಯೋ ಬಣ್ಣ ಹಾಕಿದ್ರೆ ಒಂದೊಂದು ಉಬ್ಬೂ ಎದ್ದು ಕಾಣುತ್ತೆ, ಮ್ಯಾಟ್ ಅದನ್ನೆಲ್ಲ ಮುಚ್ಚುತ್ತೆ. ನಮ್ಮನೇಲಿ ಗೋಡೆ ಮುಟ್ಟಿ ಹಾಳು ಮಾಡೋ ಚಿಕ್ಕೋರು ಯಾರೂ ಇಲ್ಲ. ಬಾಗಿಲಿಗೂ ಅದೇ ಬಣ್ಣ ಬಳಿದ್ರೆ ಎಲ್ಲಿ ಗೋಡೆ ಮುಗೀತು, ಎಲ್ಲಿ ಬಾಗಿಲು ಶುರುವಾಯ್ತು ಗೊತ್ತಾಗಲ್ಲ. ಸಣ್ಣ ಮನೆ ದೊಡ್ಡದಾಗಿ ಕಾಣುತ್ತೆ."

"ದೊಡ್ಡದಾಗಿ ಕಂಡ್ರೆ ಏನು ಮಾಡ್ತೀಯ, ಬಾಡಿಗೆಗೆ ಜನ ಇಟ್ಕೋತೀಯಾ?"

"ರೀ, ನೀವಾದ್ರೂ ಏನಾದ್ರೂ ಹೇಳ್ರಿ."

"ಪಲ್ಯ ಚೆನ್ನಾಗಿದೆ," ಎಂದ ಮಗ.

"ನಿಮ್ಮನ್ನ ಕೇಳಿದ್ನಲ್ಲ, ನನ್ನ ಬುದ್ಧಿಗಿಷ್ಟು!" ಸೊಸೆ ತಟ್ಟೆ ಎತ್ತಿಕೊಂಡು ಎದ್ದಳು. ಪಾತ್ರೆ ತೊಳೆಯುವ ಸದ್ದು ಅವತ್ತು ಬೀದಿಗೆಲ್ಲ ಕೇಳಿಸಿತು.

ಅಜ್ಜಿ ನೀಲಿ ಬೇಕೆಂದದ್ದಕ್ಕೆ ಒಂದು ಕಾರಣವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳ ಕಣ್ಣಿನ ನಡುಭಾಗ ಹೋಗಿ ಬಹಳ ಕಾಲವಾಗಿತ್ತು.

ಎದುರಿಗೆ ಬಂದವರ ಮುಖ ನೋಡಿದರೆ ಅಲ್ಲಿ ಮುಖವಿರುತ್ತಿರಲಿಲ್ಲ. ಬೂದಿ ಮೆತ್ತಿದಂಥ ಒಂದು ಗುಂಡು, ಅದರ ಸುತ್ತ ಕೂದಲು, ಕೆಳಗೆ ಭುಜ. ಯಾರು ಬಂದರೆಂದು ಕಿವಿ ಹೇಳುತ್ತಿತ್ತು. ಮಗ ಎಡಗಾಲ ಹಿಮ್ಮಡಿ ಎಳೆಯುತ್ತಿದ್ದ. ಸೊಸೆಯ ಸೊಂಟದಲ್ಲಿ ಅಂಗಡಿಯ ಕೀಲಿಗೊಂಚಲು ಸದ್ದು ಮಾಡುತ್ತಿತ್ತು. ಮೆಣಸು ನಡೆಯುತ್ತಲೇ ಇರಲಿಲ್ಲ, ಓಡುತ್ತಿದ್ದಳು. ಅಜ್ಜಿಯ ಕಣ್ಣಿಗೆ ಉಳಿದದ್ದು ಅಂಚುಗಳು ಮಾತ್ರ. ಬಿಳಿ ಗೋಡೆಯಲ್ಲಿ ಎರಡು ಗಾಢ ನೀಲಿ ಗೆರೆ ನಿಂತಿದ್ದರೆ ನಡುವೆ ದಾರಿ ಇದೆ ಎಂದು ಅರ್ಥ. ಆ ಗೆರೆಗಳನ್ನು ಹಿಡಿದು ಅವಳು ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ಯಾವ ಅನುಮಾನಕ್ಕೂ ಎಡೆಕೊಡದೆ ನಡೆಯುತ್ತಿದ್ದಳು. ಅನ್ನ ಬೆಂದದ್ದು ಕುದಿಯ ಸದ್ದಿನಲ್ಲಿ ತಿಳಿಯುತ್ತಿತ್ತು, ಉಪ್ಪಿನ ಹದ ಬೆರಳಿಗೆ ಗೊತ್ತಿತ್ತು. ಪಾತ್ರೆಗಳನ್ನು ಯಾರಾದರೂ ಜಾಗ ಬದಲಿಸಿದರೆ ರೇಗುತ್ತಿದ್ದಳು. ಸಂಜೆ ಪ್ರಾರ್ಥನೆಯ ಪುಸ್ತಕ ತೊಡೆಯ ಮೇಲೆ ಬಿಡಿಸಿಟ್ಟು ಪದ್ಯ ಹೇಳುತ್ತಿದ್ದಳು. ಹುಡುಗಿಯಾಗಿದ್ದಾಗ ಬಾಯಿಪಾಠ ಮಾಡಿದ ಪದ್ಯಗಳವು, ಅವಕ್ಕೆ ಕಣ್ಣು ಬೇಕಿರಲಿಲ್ಲ.

ಒಮ್ಮೆ ತರಕಾರಿಗೆಂದು ಹೇಳಿ, ಪಕ್ಕದ ಬೀದಿಯ ಆಟೋದವನನ್ನು ಕರೆದು, ಒಬ್ಬಳೇ ಕಣ್ಣಿನ ಆಸ್ಪತ್ರೆಗೆ ಹೋಗಿದ್ದಳು. "ಹೋಗಿರೋದು ವಾಪಸ್ ಬರಲ್ಲಮ್ಮ. ಉಳಿದಿರೋದನ್ನ ಕಾಪಾಡೋಕೆ ನೋಡ್ಬೇಕು. ಮುಂದಿನ ಸಲ ಮನೆಯವರನ್ನ ಕರ್ಕೊಂಡು ಬನ್ನಿ," ಎಂದಿದ್ದರು ಡಾಕ್ಟರು. ಅವಳು ಮತ್ತೆ ಹೋಗಲಿಲ್ಲ. ಅವಳ ಸ್ವಂತ ಅಕ್ಕನಿಗೂ ಕಣ್ಣು ಹೋಗಿತ್ತು. ಮಕ್ಕಳು ಒಳ್ಳೆಯವರೇ. ಮೊದಲು ಅಕ್ಕನ ಕೈಯಿಂದ ಚಾಕು ತೆಗೆದುಕೊಂಡರು, ಆಮೇಲೆ ಸೌಟು, ಆಮೇಲೆ ಅವಳನ್ನು ಹಜಾರದ ಕುರ್ಚಿಗೆ ಕೂರಿಸಿದರು. ಬಂದವರು "ಇವರಿಗೆ ಚಹಾ ಕೊಡಬಹುದಾ?" ಎಂದು ಅಕ್ಕನ ತಲೆಯ ಮೇಲಿಂದ ಬೇರೆಯವರನ್ನು ಕೇಳುತ್ತಿದ್ದರು. ಅಕ್ಕ ತೀರಿಕೊಳ್ಳುವವರೆಗೂ ಆ ಕುರ್ಚಿಯಲ್ಲೇ ಇದ್ದಳು. ಅಜ್ಜಿ ಅದನ್ನು ಕಣ್ಣಾರೆ ನೋಡಿದ್ದಳು.

ಒಂದು ವಾರ ಮನೆಯಲ್ಲಿ ಮಾತು ಬೇಕಾದಷ್ಟೇ ನಡೆಯಿತು. ಉಪ್ಪು ಕೊಡು, ಹಾಲು ಬಂತು, ಬಾಗಿಲು ಹಾಕು.

ರಜೆಯ ದಿನ ಸೊಸೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಳಗೆ ಬೇಳೆ ಆರಿಸುವವಳಂತೆ ಬೆರಳಾಡಿಸುತ್ತ ಕುಳಿತಿದ್ದ ಅಜ್ಜಿಗೆ ನಲ್ಲಿಯ ಸದ್ದು ಬದಲಾದದ್ದು ಕೇಳಿಸಿತು. ಬಕೆಟ್ ತುಂಬಿ ಚೆಲ್ಲುತ್ತಿತ್ತು. ನಿಲ್ಲಿಸುವವರಿಲ್ಲ. ನೀರಿನ ಸದ್ದಿನ ಹಿಂದೆ ಇನ್ನೊಂದು ಸದ್ದಿತ್ತು. ಅಜ್ಜಿ ಎದ್ದು ನೀಲಿ ಗೆರೆಗಳ ನಡುವೆ ದಾಟಿ ಹಿತ್ತಲ ಮೆಟ್ಟಿಲ ಮೇಲೆ ನಿಂತಳು.

"ನಲ್ಲಿ ನಿಲ್ಲಿಸಿ ಅಳು. ನೀರು ದಂಡ."

ಸೊಸೆ ನಲ್ಲಿ ತಿರುಗಿಸಿದಳು. ಅಳು ನಿಲ್ಲಲಿಲ್ಲ.

"ಒಂದು ಬಣ್ಣಕ್ಕೆ ಯಾರಾದ್ರೂ ಅಳ್ತಾರಾ?"

"ಬಣ್ಣಕ್ಕಲ್ಲ ಅತ್ತೆ," ಎಂದಳು ಸೊಸೆ. "ನಾನು ಈ ಮನೆಗೆ ಬಂದಾಗ ಯಾವ ಡಬ್ಬಿ ಎಲ್ಲಿತ್ತೋ ಇವತ್ತಿಗೂ ಅಲ್ಲೇ ಇದೆ. ಒಂದು ಮೊಳೆ ಹೊಡೆದಿಲ್ಲ ನಾನು ಇಲ್ಲಿ. ಒಂದು ಕುರ್ಚಿ ಆಚೆ ಸರಿಸಿದ್ರೆ ನೀವು ಈಚೆ ಸರಿಸ್ತೀರ. ಅಂಗಡಿಗೆ ಬಂದೋರು ಕೇಳ್ತಾರೆ, ನಿಮ್ಮನೇಗೆ ಯಾವ ಬಣ್ಣ ಹಾಕಿದೀರಿ ಮೇಡಂ ಅಂತ. ಸುಳ್ಳು ಹೇಳ್ತೀನಿ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಹೇಳ್ತೀನಿ. ಹಾಗೆ ಹೇಳಿ ಹೇಳಿ ಎಷ್ಟು ಮನೆ ಕಟ್ಟಿದೀನೋ ನನಗೇ ಗೊತ್ತಿಲ್ಲ."

ಅಜ್ಜಿ ಕೇಳುತ್ತ ನಿಂತಳು. ಎದುರಿಗೆ ಕೂದಲು, ಭುಜ, ನಡುವೆ ಬೂದಿ. ಆ ಬೂದಿಯೊಳಗಿನ ಮುಖ ಹೇಗೆ ಅಳುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ. ದನಿ ಮಾತ್ರ ಚೆನ್ನಾಗಿ ತಿಳಿಯಿತು.

"ಅವರು ಕೊಟ್ಟಿರೋ ಬಣ್ಣ ಸಾಕಾಗುತ್ತಾ?" ಎಂದು ಕೇಳಿದಳು.

"ಹೂಂ."

"ಬಾಗಿಲಿಗೂ ಸೇರಿ?"

ಸೊಸೆ ಮೂಗು ಒರೆಸಿಕೊಂಡಳು. "ಸಾಕಾಗುತ್ತೆ."

"ಹಾಗಾದ್ರೆ ಬಳಿ."

"ನೀಲಿ?"

"ನೀಲೀನ ನಾನೇನು ಹೋಗೋವಾಗ ಕಟ್ಕೊಂಡು ಹೋಗ್ತೀನಾ? ಬಳಿ ಅಂದೆನಲ್ಲ. ಎದ್ದೇಳು, ಬಟ್ಟೆ ನೀರಲ್ಲಿ ನೆನೆದು ನಾರುತ್ತೆ."

ಅವತ್ತು ಸಂಜೆ ಸೊಸೆ ಮೊದಲ ಸಲ ಅತ್ತೆಯ ಅಡುಗೆಮನೆಯಲ್ಲಿ ಕೇಳದೆ ಚಹಾ ಮಾಡಿ ತಂದುಕೊಟ್ಟಳು. ಸಕ್ಕರೆ ಜಾಸ್ತಿಯಾಗಿತ್ತು. ಅಜ್ಜಿ ಪೂರ್ತಿ ಕುಡಿದಳು.

ಆಮೇಲಿನ ರಜೆಗಳೆಲ್ಲ ಬಣ್ಣಕ್ಕೇ ಹೋದವು. ಹಜಾರದ ಸಾಮಾನು ಕೋಣೆಗೆ ಬಂತು, ಕೋಣೆಯದು ಹಜಾರಕ್ಕೆ ಹೋಯಿತು. ಮಗ ಹರಿದ ಪ್ಯಾಂಟು ತೊಟ್ಟು ಗೋಡೆ ಕೆರೆದ, ಬಿರುಕಿಗೆ ಪುಟ್ಟಿ ತುಂಬಿದ. ಸೊಸೆ ಬಾಗಿಲುಗಳ ಹಳೆಯ ಹೊಳಪನ್ನು ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ತೆಗೆದಳು. ಹೊಳಪಿನ ಮೇಲೆ ಹೊಸ ಬಣ್ಣ ಹಿಡಿಯುವುದಿಲ್ಲ. ಮೆಣಸು ಕೂದಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ರೋಲರ್ ತಿರುಗಿಸಿದಳು.

"ನಾನು ಮುಟ್ಟಿದ ಲಿಫ್ಟೆಲ್ಲ ಮೇಲಕ್ಕೆ ಹೋಗುತ್ತೆ. ಈ ಬಣ್ಣ ಮಾತ್ರ ಕೆಳಕ್ಕೇ ಯಾಕೆ ಬರುತ್ತೆ?" ಎಂದ ಮಗ, ಮೊಣಕೈಗೆ ಇಳಿಯುತ್ತಿದ್ದ ಬಣ್ಣ ನೋಡುತ್ತ.

"ಅಪ್ಪಾ, ಬ್ರಷ್ಷಿಗೆ ಸ್ನಾನ ಮಾಡಿಸ್ತಿದೀಯ. ಬರೀ ತುದಿ ಅದ್ದು."

"ಎಲ್ಲಾ ಅಮ್ಮನ ಮಗಳು! ಎರಡು ಡಬ್ಬಿ ನೋಡ್ಲಿಲ್ಲ, ಆಗ್ಲೇ ಮೇಸ್ತ್ರಿ!"

ಅಜ್ಜಿ ಹಿತ್ತಲಲ್ಲಿ ಕುಳಿತು ಕೇಳುತ್ತಿದ್ದಳು. ಉಪ್ಪುಕಾಗದದ ಸದ್ದು ಒಂದು ಬಾಗಿಲಲ್ಲಿ ನಿಂತು ಇನ್ನೊಂದಕ್ಕೆ ಹೋಗುತ್ತಿತ್ತು. ಕೋಣೆಯದು ಹೋಯಿತು. ಹಜಾರದ್ದು ಹೋಯಿತು. ಬಚ್ಚಲದ್ದೂ ಹೋಯಿತು. ಕೊನೆಗೆ ಅಡುಗೆಮನೆಯ ಸರದಿ ಬಂದಾಗ ಅವಳು ಒಳಗೆ ಬಂದು ನಿಂತಳು.

"ಇದೊಂದು ಇರ್ಲಿ ಬಿಡ್ರೋ. ಹೊಗೆ, ಜಿಡ್ಡು, ತಿಳಿ ಬಣ್ಣ ಎಷ್ಟು ದಿನ ನಿಲ್ಲುತ್ತೆ?"

"ಒಂದು ಬಿಟ್ರೆ ಹಲ್ಲು ಬಿದ್ದ ಬಾಯಿ ಥರ ಕಾಣುತ್ತಮ್ಮ," ಎಂದು ಮಗ ನಕ್ಕ.

ಸೊಸೆ ಉಪ್ಪುಕಾಗದ ಹಿಡಿದ ಕೈ ಕೆಳಗಿಳಿಸಿ ಅತ್ತೆ ಏನು ಹೇಳುತ್ತಾಳೋ ಎಂದು ಕಾದಳು. ಆ ಮೌನ ಅಜ್ಜಿಗೆ ಕೇಳಿಸಿತು.

"ಸರಿ, ಮಾಡಿ. ನನಗೇನು," ಎಂದು ಹೊರಗೆ ಹೋದಳು.

ಎಲ್ಲ ಮುಗಿದ ದಿನ ಮನೆ ನಿಜವಾಗಿಯೂ ಬೇರೆಯಾಗಿತ್ತು. ಗೋಡೆಯ ಉಬ್ಬು ತಗ್ಗು ಮಾಯವಾಗಿ, ಬೆಳಗಿನ ಬೆಳಕು ಎಲ್ಲೂ ತಡೆಯಿಲ್ಲದೆ ಹರಡಿತ್ತು. ಸೊಸೆ ಅಂಗಡಿಯ ಜೊತೆಗಾತಿಯರನ್ನು ಚಹಾಕ್ಕೆ ಕರೆದಳು. ಅವರು ಬಾಯಿತುಂಬ ಹೊಗಳಿದರು. ಅವರು ಹೋದ ಮೇಲೆ ಸೊಸೆ ನಡುಮನೆಯಲ್ಲಿ ನಿಂತು ಸುಮ್ಮನೆ ಒಂದು ಸುತ್ತು ತಿರುಗಿದಳು.

"ಹೇಗಿದೆ ಅತ್ತೆ?"

ಅಜ್ಜಿಯ ಪಾಲಿಗೆ ಅದು ಹಾಲಿನೊಳಗೆ ನಿಂತಂತಿತ್ತು. ಎಡಕ್ಕೂ ಅದೇ, ಬಲಕ್ಕೂ ಅದೇ.

"ಬೆಳಕಾಗಿದೆ ಕಣೆ," ಎಂದಳು. "ತುಂಬಾ ಬೆಳಕಾಗಿದೆ."

ಮೊದಲ ವಾರವೇ ಅಜ್ಜಿಯ ಹಣೆಗೆ ಪೆಟ್ಟಾಯಿತು.

"ಇದೇನಮ್ಮ, ಬುಗುಟೆ?" ಎಂದ ಮಗ.

"ಚೌಕಟ್ಟು ತಾಗ್ತು. ಏನೋ ಯೋಚನೇಲಿದ್ದೆ."

"ಈ ವಯಸ್ಸಲ್ಲಿ ಅಷ್ಟೊಂದು ಏನು ಯೋಚನೆ? ಯಾರನ್ನಾದ್ರೂ ಪ್ರೀತಿ ಗೀತಿ ಮಾಡ್ತಿದೀಯೇನು?"

"ಹೂಂ, ನಿಮ್ಮ ಲಿಫ್ಟ್ ಕಂಪನಿ ಯಜಮಾನನ್ನ. ನಿನ್ನ ಸಂಬಳ ಜಾಸ್ತಿ ಮಾಡಿಸ್ತೀನಿ, ಸುಮ್ನಿರು."

ಎಲ್ಲರೂ ನಕ್ಕರು. ಆಮೇಲೆ ಅಜ್ಜಿ ಗೋಡೆ ಹಿಡಿದು ನಡೆಯುವುದನ್ನು ಕಲಿತಳು. ಮನೆಯಲ್ಲಿ ಯಾರೂ ಇಲ್ಲದಾಗ, ಇದ್ದರೂ ಬೆನ್ನು ತಿರುಗಿಸಿದಾಗ, ಬಲಗೈ ಬೆರಳನ್ನು ಗೋಡೆಗೆ ತಾಗಿಸಿ ಹೋಗುತ್ತಿದ್ದಳು. ಗೋಡೆ ಮುಗಿದು ಮರದ ನುಣುಪು ಸಿಕ್ಕರೆ ಬಾಗಿಲು. ಅಡುಗೆಯ ಕೈ, ಎಷ್ಟು ಒರೆಸಿಕೊಂಡರೂ ಎಣ್ಣೆ ಇರುತ್ತಿತ್ತು, ಅರಿಸಿನ ಇರುತ್ತಿತ್ತು.

ಕಲೆ ಮೊದಲು ಕಂಡದ್ದು ಮೆಣಸಿಗೆ. "ಅಮ್ಮಾ, ಗೋಡೆಗೆ ಬಸ್ಸು ಉಜ್ಜಿಕೊಂಡು ಹೋದ ಹಾಗಿದೆ ನೋಡು."

ಸೊಸೆ ಬಂದು ನೋಡಿದಳು. ಕೋಣೆಯ ಮೂಲೆಯಿಂದ ಹೊರಟು, ಹಜಾರ ಸುತ್ತಿ, ಅಡುಗೆಮನೆಯವರೆಗೆ, ಸೊಂಟದೆತ್ತರಕ್ಕೆ ಒಂದು ಹಳದಿ ಗೆರೆ ಹರಿದಿತ್ತು. ಅವಳು ಒದ್ದೆ ಬಟ್ಟೆ ತಂದು ಉಜ್ಜಿದಳು. ಗೆರೆ ಹೋಗಲಿಲ್ಲ. ಉಜ್ಜಿದ ಜಾಗ ಮಾತ್ರ ಬೇರೆಯಾಗಿ ಮಿನುಗತೊಡಗಿತು. ಗಿರಾಕಿಗಳಿಗೆ ಸಾವಿರ ಸಲ ಹೇಳಿದ ಮಾತು ಅವಳ ಕಣ್ಣೆದುರೇ ನಡೆಯುತ್ತಿತ್ತು. ಅವಳು ಮಿಕ್ಕ ಬಣ್ಣ ತಂದು ಗೆರೆಯ ಮೇಲೆ ಬಳಿದಳು. ನಾಲ್ಕು ದಿನಕ್ಕೆ ಗೆರೆ ಮತ್ತೆ ಬಂತು.

"ಅತ್ತೆ, ಇದು ಯಾರ ಕೈ?"

ಅಜ್ಜಿ ಈರುಳ್ಳಿ ಹೆಚ್ಚುತ್ತಿದ್ದಳು. ಚಾಕು ನಿಂತಿತು. "ಯಾವುದು?"

"ನೋಡಿ ಇಲ್ಲಿ. ನೋಡಿ ಅಂದ್ರೆ ನೋಡಲ್ಲ ಬೇರೆ! ಕಿಟಕಿ ಕಡೆ ಏನು ನೋಡ್ತೀರ, ಗೋಡೆ ಇಲ್ಲಿದೆ. ಅರಿಸಿನ ಯಾರ ಕೈಯಲ್ಲಿರುತ್ತೆ ಈ ಮನೇಲಿ? ನಾನು ಬಳಿದಷ್ಟೂ ಒರೆಸ್ತಾನೇ ಇದೀರಲ್ಲ!"

"ಏ, ಮೆಲ್ಲಗೆ," ಎಂದು ಮಗ ಕೋಣೆಯಿಂದ ಬಂದ.

"ಮೆಲ್ಲಗೆ ಏನ್ರೀ? ಬಾಯಲ್ಲಿ ಬಳಿ ಅಂದ್ರು, ಕೈಯಲ್ಲಿ ಹಾಳು ಮಾಡ್ತಿದಾರೆ. ನೀಲಿ ಹೋಯ್ತು ಅನ್ನೋ ಹೊಟ್ಟೆ ಉರಿ. ಬೇಡ ಅಂತ ನೇರವಾಗಿ ಹೇಳಿದ್ರೆ ನಾನು ಬಳೀತಾನೇ ಇರ್ಲಿಲ್ಲ. ಹೀಗೆ ಬೇಕು ಅಂತಲೇ, ದಿನಾ ದಿನಾ..."

"ಅಮ್ಮ ಹಾಗೆ ಮಾಡ್ತಾಳೇನೇ?" ಮಗ ತಾಯಿಯ ಕಡೆ ತಿರುಗಿದ. "ಅಮ್ಮಾ, ಹೇಳು. ಬೇಕು ಅಂತ ಮಾಡಿದ್ದಾ?"

ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತು ಹೇಳಿದ ಮರುಕ್ಷಣ ಕೈಯ ಚಾಕು ಹೋಗುತ್ತಿತ್ತು. ಅಜ್ಜಿ ಚಾಕುವಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಹೌದು," ಎಂದಳು. "ಬೇಕು ಅಂತಲೇ ಮಾಡ್ದೆ."

ಮಗ ಬಾಗಿಲಲ್ಲೇ ನಿಂತ. ಅವನ ಮುಖ ಸಣ್ಣದಾಯಿತು. ಸೊಸೆಗೆ ಗೆದ್ದಂತಾಗಲಿಲ್ಲ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನೆಲಕ್ಕೆ ಹಾಕಿ, "ನೋಡಿದ್ರಾ?" ಎಂದಳು ಗಂಡನಿಗೆ. ದನಿ ಬಿದ್ದುಹೋಗಿತ್ತು. "ಇನ್ನು ನಾನೇನೂ ಹೇಳಲ್ಲ."

ಅವತ್ತಿನಿಂದ ಮಗ ತಾಯಿಯೊಂದಿಗೆ ಊಟಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದ. ಅಜ್ಜಿ ಗೋಡೆ ಮುಟ್ಟುವುದನ್ನು ಬಿಟ್ಟಳು. ಕೈಗಳನ್ನು ಶಾಲಿನೊಳಗೆ ಸುತ್ತಿಕೊಂಡು ಅಂದಾಜಿನಲ್ಲಿ ನಡೆದಳು. ಸೊಸೆ ಮತ್ತೆ ಬಳಿದ ಗೋಡೆ ಹೊಸದಾಗಿಯೇ ಉಳಿಯಿತು. ಅದನ್ನು ಕಂಡು ಸೊಸೆ, "ಬಿಡೋಕೆ ಆಗುತ್ತಲ್ಲ, ಹಾಗಾದ್ರೆ," ಎಂದು ಅತ್ತೆಗೆ ಕೇಳುವಂತೆ ಅಂದಳು.

ಮೆಣಸಿಗೆ ಪರೀಕ್ಷೆಯ ಓದಿನ ರಜೆ. ಹಜಾರದಲ್ಲಿ ಪುಸ್ತಕ ಹರಡಿಕೊಂಡು ಕುಳಿತಿದ್ದಳು. ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದರು.

"ಅಜ್ಜೀ, ಹಸಿವು!"

"ಬಂದೆ ಬಂದೆ. ನಿನ್ನ ಹೊಟ್ಟೆಗೆ ಗಡಿಯಾರ ಯಾರು ಕಟ್ಟಿದ್ದು?"

ಅಜ್ಜಿ ಬೇಳೆ ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಬಟ್ಟೆ ಸುತ್ತಿ ಹಿಡಿದು ಹೊರಟಳು. ಸಾರು ಇನ್ನೂ ಕುದಿಯುತ್ತಿತ್ತು. ಮೆಣಸು ತಲೆಯೆತ್ತಿ ನೋಡಿದಳು. ಅಡುಗೆಮನೆಯ ಬಾಗಿಲು ಅಗಲವಾಗಿ ತೆರೆದಿತ್ತು. ಅಜ್ಜಿ ಅದರ ಪಕ್ಕದ ಗೋಡೆಯ ಕಡೆಗೆ ನಡೆಯುತ್ತಿದ್ದಳು. ಹೆಜ್ಜೆಯಲ್ಲಿ ಅನುಮಾನವಿರಲಿಲ್ಲ; ಬಾಗಿಲು ಅಲ್ಲೇ ಇದೆ ಎಂಬಂತೆ ಮೊಮ್ಮಗಳ ದನಿಯ ಕಡೆಗೆ ಮುಖಮಾಡಿ, ನಗುತ್ತಲೇ ಬರುತ್ತಿದ್ದಳು.

"ಅಜ್ಜಿ, ಬಾಗಿಲು ಈ ಕಡೆ!"

ಪಾತ್ರೆ ಗೋಡೆಗೆ ಬಡಿಯಿತು. ಸಾರು ಅಜ್ಜಿಯ ಎದೆಯಿಂದ ಪಾದದವರೆಗೆ ಚೆಲ್ಲಿತು. ಅವಳು ಕೂಗಲಿಲ್ಲ. ಕೆಳಗೆ ಕುಳಿತು, ಬೆಂದ ಕೈಯಿಂದಲೇ ಸುತ್ತ ತಡವಿ ಪಾತ್ರೆ ಹುಡುಕಿದಳು. ಪಾತ್ರೆ ಅವಳ ಮೊಣಕಾಲ ಪಕ್ಕದಲ್ಲೇ ಬಿದ್ದಿತ್ತು.

ಮೆಣಸು ನೀರು ತಂದು ಸುರಿದಳು. ಸುರಿಯುತ್ತ ಸುರಿಯುತ್ತ ಅಜ್ಜಿಯ ಮುಖದ ಮುಂದೆ ಕೈಯಾಡಿಸಿದಳು. ಅಜ್ಜಿ ಮಿಸುಕಲಿಲ್ಲ.

"ಅಜ್ಜಿ... ನಿನಗೆ ನಾನು ಕಾಣ್ತಿಲ್ವಾ?"

"ನಿಮ್ಮಮ್ಮನಿಗೆ ಹೇಳಬೇಡ ಮೆಣಸೂ," ಎಂದಳು ಅಜ್ಜಿ. "ಕೈ ಜಾರ್ತು ಅನ್ನು. ಗೋಡೆ ಒರೆಸಿಬಿಡು ಬೇಗ. ಕಲೆಯಾಗುತ್ತೆ."

ಮೆಣಸು ಹೇಳದಿರುವಷ್ಟು ದೊಡ್ಡವಳಾಗಿರಲಿಲ್ಲ.

ಸುಟ್ಟ ಗಾಯ ಮಾಗುವುದಕ್ಕೆ ಮೊದಲೇ ಮಗ ತಾಯಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ. ಸೊಸೆಯೂ ರಜೆ ಹಾಕಿ ಹೋದಳು. ಡಾಕ್ಟರು ಅಜ್ಜಿ ಬಚ್ಚಿಟ್ಟಿದ್ದ ಹಳೆಯ ಚೀಟಿ ನೋಡಿ ಮೊದಲು ಕೇಳಿದ್ದು ಒಂದೇ ಮಾತು, ಇಷ್ಟು ದಿನ ಯಾಕೆ ಕರೆತರಲಿಲ್ಲ ಎಂದು.

"ನಡುವಿನ ದೃಷ್ಟಿ ಇಲ್ಲ. ಅಂಚಿನಲ್ಲಿ ಸ್ವಲ್ಪ ಇದೆ, ಅದೂ ಇಳೀತಾ ಇದೆ. ಮನೇಲಿ ಬಾಗಿಲು ಮೆಟ್ಟಿಲಿಗೆಲ್ಲ ಗಾಢ ಬಣ್ಣ ಇದ್ರೆ ಇಂಥವರಿಗೆ ದಾರಿ ಸಿಗುತ್ತೆ. ಗೋಡೆ ಬಾಗಿಲು ಎರಡೂ ಒಂದೇ ಬಣ್ಣ ಇದ್ರೆ ಕಷ್ಟ."

ಮನೆಗೆ ಬಂದು ಗಂಡನೊಬ್ಬನೇ ಸಿಕ್ಕಾಗ ಸೊಸೆ ಹೇಳಿದಳು:

"ದಿನಾ ಕೇಳ್ತೀನಿ ರೀ ನಾನು, ಬಂದವರನ್ನೆಲ್ಲ. ಮನೇಲಿ ವಯಸ್ಸಾದವರಿದಾರಾ ಅಂತ."

"ಹೆತ್ತ ತಾಯಿ ಮೇಲೇ ನನಗೆ ನಂಬಿಕೆ ಇರ್ಲಿಲ್ಲ," ಎಂದ ಅವನು. "ಬೇಕು ಅಂತ ಮಾಡ್ದೆ ಅಂದಾಗ, ಹೌದು ಅಂದ್ಕೊಂಡೆ. ನನಗೆ ಅಷ್ಟೂ ಹೊಳೀಲಿಲ್ಲ."

ಕುರ್ಚಿ ಬಂತು. ಯಾರೂ ಕೆಟ್ಟ ಮನಸ್ಸಿನಿಂದ ತಂದದ್ದಲ್ಲ. ಮಗನೇ ಹೊತ್ತು ತಂದ, ಕೈಯಿಡಲು ಹಿಡಿಯಿದ್ದ ಮೆತ್ತನೆಯ ಕುರ್ಚಿ. ಹಜಾರದ ಕಿಟಕಿಯ ಪಕ್ಕ ಹಾಕಿದ. ಸೊಸೆ ಬೇಗ ಎದ್ದು ಅಡುಗೆ ಮುಗಿಸಿ ಅಂಗಡಿಗೆ ಹೋಗತೊಡಗಿದಳು. ಗ್ಯಾಸಿನ ಗುಂಡಿಯನ್ನು ಬಿಗಿಯಾಗಿ ತಿರುಗಿಸಿ, ಎರಡು ಸಲ ಪರೀಕ್ಷಿಸಿ, ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕುತ್ತಿದ್ದಳು. ಸಾರಿಗೆ ಉಪ್ಪು ಒಂದು ದಿನ ಕಡಿಮೆ, ಒಂದು ದಿನ ಜಾಸ್ತಿ.

"ಉಪ್ಪು ಸರಿಯಿದೆಯಾ ಅತ್ತೆ?"

"ಸರಿಯಿದೆ ತಾಯಿ."

"ನಾನೊಂದು ಸೊಪ್ಪು ಬಿಡಿಸಿಕೊಡ್ಲಾ?" ಎಂದು ಅಜ್ಜಿ ಕೇಳುತ್ತಿದ್ದಳು. "ಕೂತೇ ಇದೀನಲ್ಲ."

"ನೀವು ಸುಮ್ಮನಿರಿ ಅತ್ತೆ. ಇಷ್ಟು ವರ್ಷ ಮಾಡಿದೀರಿ."

ಸಂಜೆ ಮೆಣಸು ಪ್ರಾರ್ಥನೆಯ ಪುಸ್ತಕ ಹಿಡಿದು ತಾನೇ ಓದುತ್ತಿದ್ದಳು. ಪದ ತಪ್ಪಿದರೆ ಅಜ್ಜಿ ತಿದ್ದುತ್ತಿದ್ದಳು. ಕ್ರಮೇಣ ತಿದ್ದುವುದನ್ನೂ ಬಿಟ್ಟಳು. ಪಕ್ಕದ ಮನೆಯವರು ನೋಡಲು ಬಂದಾಗ, "ಇವರಿಗೆ ಸಕ್ಕರೆ ಹಾಕಿದ ಚಹಾ ಆಗುತ್ತಾ?" ಎಂದು ಸೊಸೆಯನ್ನು ಕೇಳಿದರು. ಸೊಸೆ ಉತ್ತರ ಕೊಟ್ಟಳು. ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಸೊಸೆ ನೀಲಿಯನ್ನು ಹುಡುಕತೊಡಗಿದ್ದು ಅವತ್ತಿನಿಂದ. ಆ ಬಣ್ಣ ಯಾವ ಶೇಡ್ ಕಾರ್ಡಿನಲ್ಲೂ ಇರಲಿಲ್ಲ. ಅಡುಗೆಮನೆಯ ಚೌಕಟ್ಟನ್ನು ಚಾಕುವಿನಿಂದ ಕೆರೆದಳು. ಬೆಣ್ಣೆ ಬಣ್ಣದ ಅಡಿಯಿಂದ ಹಳೆಯ ನೀಲಿ ಹೊರಗೆ ಬಂತು. ಅದರ ಒಂದು ಚಕ್ಕೆಯನ್ನು ಕಾಗದದಲ್ಲಿ ಸುತ್ತಿ ಅಂಗಡಿಗೆ ಒಯ್ದು, ಬೆರೆಸುವ ಯಂತ್ರದ ಮುಂದೆ ನಿಂತಳು. ಮೊದಲು ಬೆರೆಸಿದ್ದು ತಿಳಿಯಾಯಿತು, ಎರಡನೆಯದು ಹಸಿರಿಗೆ ತಿರುಗಿತು. ಯಜಮಾನ ಗೊಣಗಿದ, ಆಮೇಲೆ ಸುಮ್ಮನಾದ. ಅವಳು ಬಿಡಲಿಲ್ಲ. ದಿನಗಳು ಹೋದವು. ಸರಿಯಾದ ನೀಲಿ ಸಿಕ್ಕಾಗ ಅದನ್ನು ಹೊಳೆಯುವ ಎನಾಮಲ್ಲಿನಲ್ಲೇ ಮಾಡಿಸಿದಳು. ಬೆಳಕು ಬಿದ್ದರೆ ಮಿಂಚಬೇಕು, ದೂರದಿಂದಲೇ ತಿಳಿಯಬೇಕು.

ರಜೆಯ ದಿನ ಗಂಡನಿಗೆ ತುರ್ತು ಕೆಲಸ ಬಿತ್ತು. ಎಲ್ಲೋ ಲಿಫ್ಟ್ ನಿಂತಿತ್ತು. ಮೆಣಸು ಗೆಳತಿಯ ಮನೆಗೆ ಹೋಗಿದ್ದಳು. ಸೊಸೆ ಒಬ್ಬಳೇ ಅಡುಗೆಮನೆಯ ಚೌಕಟ್ಟಿನ ಮುಂದೆ ಹಳೆಯ ಪತ್ರಿಕೆ ಹಾಸಿ ಕುಳಿತಳು. ಉಪ್ಪುಕಾಗದದಿಂದ ಉಜ್ಜಿದಳು, ಧೂಳು ಒರೆಸಿದಳು. ನೀಲಿಗಿಂತ ಮೊದಲು ಮರಕ್ಕೆ ಅಡಿಬಣ್ಣವಾಗಿ ಪ್ರೈಮರ್ ಹಿಡಿಯಬೇಕು. ಅವಳು ಪ್ರೈಮರಿನ ಡಬ್ಬಿ ತೆರೆದು ಮೇಲಿನಿಂದ ಕೆಳಗೆ ಬಳಿಯುತ್ತ ಬಂದಳು. ಸುಣ್ಣದಂಥ ಬಿಳಿ. ನೀಲಿಯ ಡಬ್ಬಿ ಇನ್ನೂ ಮುಚ್ಚಿಯೇ ಇತ್ತು.

ಎಣ್ಣೆ ಬಣ್ಣದ ವಾಸನೆ ಹಜಾರಕ್ಕೆ ಹೋಯಿತು. ಕುರ್ಚಿ ಕಿರುಗುಟ್ಟಿತು. ಅಜ್ಜಿ ಎದ್ದು ಬರುತ್ತಿದ್ದಳು, ಕೈಗಳು ಶಾಲಿನೊಳಗೆ.

"ಏನು ಮಾಡ್ತಿದೀಯೇ? ಬಣ್ಣ ಬಳೀತಿದೀಯಾ?"

"ಹೂಂ ಅತ್ತೆ. ಚೌಕಟ್ಟಿಗೆ."

"ಯಾವ ಬಣ್ಣ?"

"ನೀಲಿ ತಂದಿದೀನಿ. ನಿಮ್ಮ ಹಳೇ ನೀಲೀನೇ. ಒಂದು ಗುಲಗಂಜಿಯಷ್ಟೂ ವ್ಯತ್ಯಾಸ ಇಲ್ಲ."

ಅಜ್ಜಿ ನಿಂತಳು. ತಲೆಯನ್ನು ಒಂದು ಬದಿಗೆ ವಾಲಿಸಿ, ಕಣ್ಣಂಚಿನಿಂದ ನೋಡುವವಳಂತೆ ಬಹಳ ಹೊತ್ತು ನೋಡಿದಳು.

"ಹೌದು ಕಣೆ," ಎಂದಳು. "ಕಾಣ್ತಿದೆ. ಎರಡು ಗೆರೆ ಚೆನ್ನಾಗಿ ಕಾಣ್ತಿದೆ. ಎಷ್ಟು ಚೆಂದ ಬಂದಿದೆ ನೀಲಿ!"

ಸೊಸೆಯ ಕೈಯ ಬ್ರಷ್ಷಿನಿಂದ ಬಿಳಿ ಹನಿಯೊಂದು ಪತ್ರಿಕೆಯ ಮೇಲೆ ಬಿತ್ತು. ಅವಳು ಚೌಕಟ್ಟನ್ನು ನೋಡಿದಳು. ಅತ್ತೆಯ ಮುಖವನ್ನು ನೋಡಿದಳು. ಆ ಮುಖ ಅವಳ ಕಡೆಗೂ ಇರಲಿಲ್ಲ, ಚೌಕಟ್ಟಿನ ಕಡೆಗೂ ಇರಲಿಲ್ಲ; ಎರಡರ ನಡುವಿನ ಗೋಡೆಯ ಕಡೆಗೆ ನಗುತ್ತಿತ್ತು.

"ಅಲ್ವಾ ಅತ್ತೆ?" ಎಂದಳು.

"ಇನ್ನು ನನಗೇನೂ ಭಯ ಇಲ್ಲ. ನೀನು ಮನಸ್ಸಿಗೆ ಹಚ್ಕೋಬೇಡ," ಎಂದು ಅಜ್ಜಿ ಶಾಲಿನಿಂದ ಕೈ ತೆಗೆದು ಮುಂದೆ ಚಾಚಿದಳು. ದಾರಿ ಕಂಡವರ ಹಾಗೆ ಧೈರ್ಯವಾಗಿ ಹೆಜ್ಜೆಯಿಟ್ಟಳು. ಅಂಗೈ ಹಸಿ ಪ್ರೈಮರಿನ ಮೇಲೆ ಪೂರ್ತಿ ಒತ್ತಿತು. "ಅಯ್ಯೋ, ಒದ್ದೆ! ಹಾಳು ಮಾಡಿಬಿಟ್ನಾ?"

"ಇಲ್ಲ, ಇಲ್ಲ. ಏನೂ ಹಾಳಾಗಿಲ್ಲ."

ಸೊಸೆ ಎದ್ದು ಆ ಕೈಯನ್ನು ಹಿಡಿದುಕೊಂಡಳು. ಹಳೆಯ ಸುಟ್ಟ ಗಾಯದ ಗುರುತಿನ ಮೇಲೆ, ಬೆರಳುಗಳ ಸಂದಿಯಲ್ಲಿ, ಉಗುರಿನ ಸುತ್ತ ಬಿಳಿ ಮೆತ್ತಿತ್ತು. ಅವಳು ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಒಂದೊಂದೇ ಬೆರಳನ್ನು ಒರೆಸತೊಡಗಿದಳು.

"ಕೈ ತುಂಬಾ ನೀಲಿ ಮಾಡ್ಕೊಂಡ್ರಿ ನೋಡಿ," ಎಂದಳು.